ಮಿಡಿಗೇಶಿ ರಸ್ತೆಯ ಹದಿಮೂರು ಮೈಲಿ

ಆ ವರ್ಷ ನಮ್ಮ ಶಾಲೆಯಲ್ಲಿ ಗಂಟೆ ಹೊಡೆಯುವ ಜವಾನ ನನಗಿಂತ ಚೆನ್ನಾಗಿ ಓಡುತ್ತಾನೆ ಎಂಬ ಮಾತು ಮಧುಗಿರಿಯಲ್ಲೆಲ್ಲ ಹಬ್ಬಿತ್ತು. ನಾನು ಅದೇ ಶಾಲೆಯ ಡ್ರಿಲ್ ಮೇಷ್ಟ್ರು. ತಾಲ್ಲೂಕಿನ ರಸ್ತೆ ಓಟದಲ್ಲಿ ನಾಲ್ಕು ವರ್ಷ ಸತತವಾಗಿ ಮೊದಲು ಬಂದವನು. ಕ್ಷೌರದ ಅಂಗಡಿಗೆ ಹೋದರೆ ಅಲ್ಲಿಯೂ ಅದೇ ಮಾತು. "ನಿಮ್ ಬೆಲ್ ಹೊಡಿಯೋನು ನೆನ್ನೆ ಬೆಳಿಗ್ಗೆ ಶಿರಾ ಬಸ್ಸಿನ ಜೊತೆಜೊತೆಗೇ ಓಡ್ಕಂಡು ಬಂದ್ನಂತಲ್ಲ ಮೇಷ್ಟ್ರೇ?" ಎಂದು ಅಂಗಡಿಯವನು ಕೇಳಿದ. ಕತ್ತಿ ಅವನ ಕೈಯಲ್ಲಿತ್ತು, ನನ್ನ ಗಂಟಲು ಅದರ ಕೆಳಗಿತ್ತು.

ಜವಾನ ಹುಲಿಕುಂಟೆ ಕಡೆಯವನು, ಕುರಿ ಕಾಯುವ ಮನೆತನದವನು. ಹುಡುಗನೇನಲ್ಲ. ನನಗಿಂತ ಮೂರು ವರ್ಷ ದೊಡ್ಡವನು, ಎರಡು ಮಕ್ಕಳ ತಂದೆ. ಕಾಲಿಗೆ ಲಾರಿ ಟೈರು ಕೊಯ್ದು ಮಾಡಿದ ಎಕ್ಕಡ. ಅವನು ಅಭ್ಯಾಸ ಮಾಡಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ನಾನೋ, ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದೆ. ಗೋಡೆಯ ಮೇಲೆ ಚಾರ್ಟು ಬರೆದು ಅಂಟಿಸಿದ್ದೆ. ಡಿಪ್ಲೊಮಾ ಮಾಡಿದ್ದೆ, ಬೆಂಗಳೂರಿನಿಂದ ಬೂಟು ತರಿಸಿದ್ದೆ, ನಾಡಿ ಎಣಿಸುತ್ತಿದ್ದೆ. ಅವನು ಗಂಟೆ ಹೊಡೆದು, ನೀರು ತುಂಬಿಸಿ, ಸಂಜೆ ಐದಕ್ಕೆ ಮೈದಾನದಲ್ಲಿ ಹುಡುಗರ ಜೊತೆ ನಾಲ್ಕು ಸುತ್ತು ಓಡಿ, ಉಸಿರೂ ಬಿಡದೆ ಬೀಡಿ ಹಚ್ಚುತ್ತಿದ್ದ. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಏನೋ ಹೊತ್ತಿಕೊಳ್ಳುತ್ತಿತ್ತು. ಅದಕ್ಕೆ ಹೊಟ್ಟೆಕಿಚ್ಚು ಎಂದೇ ಹೆಸರು, ಬೇರೆ ಹೆಸರು ಹುಡುಕುವುದಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಭಾದ್ರಪದದಲ್ಲಿ ಜಿಲ್ಲೆಯ ಆಯ್ಕೆಗಾರರಿಂದ ಶಾಲೆಗೆ ಕಾಗದ ಬಂತು. ರಾಜ್ಯಮಟ್ಟದ ಅರ್ಧ ಮ್ಯಾರಥಾನ್ ಕರಾವಳಿಯ ಒಂದು ಊರಿನಲ್ಲಿ, ಅಲ್ಲಿನ ಸೆಕೆಯಿಂದಾಗಿ ರಾತ್ರಿ ಹೊತ್ತು ನಡೆಯುವುದಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿಸಿ ಒಬ್ಬನನ್ನು ಮಾತ್ರ ಆರಿಸುತ್ತಾರೆ. ಆಯ್ಕೆಯ ಓಟವೂ ರಾತ್ರಿಯೇ ಆಗಬೇಕು. ಮೊದಲು ಬಂದರೆ ಸಾಲದು, ಒಂದು ಗಂಟೆ ಇಪ್ಪತ್ತೈದು ನಿಮಿಷದೊಳಗೆ ಮುಗಿಸಿರಬೇಕು. ಯಾರೂ ಮುಗಿಸದಿದ್ದರೆ ನಮ್ಮ ಕಡೆಯಿಂದ ಯಾರೂ ಹೋಗುವುದಿಲ್ಲ. ನನಗೆ ಆಗ ಮೂವತ್ತೊಂದು. ನೌಕರಿ ಇನ್ನೂ ಹಂಗಾಮಿ. ರಾಜ್ಯಮಟ್ಟದಲ್ಲಿ ಓಡಿದ ಪತ್ರವೊಂದಿದ್ದರೆ ಕಾಯಂ ಆಗುವ ದಾರಿ ಇತ್ತು. ಆ ಒಂದು ಜಾಗ ನನ್ನದೇ ಎಂದು ಕಾಗದ ಓದಿದ ಕೂಡಲೇ ತೀರ್ಮಾನಿಸಿಬಿಟ್ಟೆ.

ಹೆಡ್‌ಮಾಸ್ಟರು ಕಾಗದವನ್ನು ಮಡಿಸಿ ನನ್ನ ಕೈಗಿಟ್ಟು, "ಏರ್ಪಾಡೆಲ್ಲ ನಿಮ್ಮದೇ. ರಸ್ತೆ ಅಳೆಯೋದೂ ನೀವೇ, ಓಡೋದೂ ನೀವೇ. ಇನ್ಯಾರಿಗೆ ಗೊತ್ತು ಇದೆಲ್ಲ?" ಎಂದರು. ನಾನು ಬಾಗಿಲ ತನಕ ಹೋದ ಮೇಲೆ, "ಹಾಂ, ನಮ್ಮ ಬೆಲ್ ಹೊಡಿಯೋನನ್ನೂ ಓಡಿಸಿ ಮೇಷ್ಟ್ರೇ, ಮರೀಬೇಡಿ" ಎಂದರು. ಮರೆಯುವುದು ಸಾಧ್ಯವಿದ್ದರೆ ನಾನು ಎಂದೋ ಮರೆತಿರುತ್ತಿದ್ದೆ.

ಅಳೆಯಬೇಕಾದ ದೂರ ಹದಿಮೂರು ಮೈಲಿ, ಮೇಲೆ ಒಂದು ಫರ್ಲಾಂಗು, ಅಂದರೆ ಮೈಲಿಯ ಎಂಟನೆಯ ಒಂದು ಭಾಗ. ಪಾವಗಡದ ರಸ್ತೆಯಲ್ಲಿ ಮಿಡಿಗೇಶಿಯ ಆಚೆಯಿಂದ ಹೊರಟು ಮಧುಗಿರಿಯ ನಮ್ಮ ಮೈದಾನಕ್ಕೆ ಬಂದು ಮುಟ್ಟುವುದೆಂದು ಗೊತ್ತುಮಾಡಿದೆ. ರಸ್ತೆಯ ಕಲ್ಲುಗಳನ್ನು ನಂಬುವ ಹಾಗಿರಲಿಲ್ಲ. ಹಳೆಯ ಮೈಲಿಗಲ್ಲು ಕಿತ್ತು ಕಿಲೋಮೀಟರ್ ಕಲ್ಲು ನೆಡುತ್ತಿದ್ದ ಕಾಲ ಅದು. ಅರ್ಧ ಕಲ್ಲು ಚರಂಡಿಯಲ್ಲಿ ಮಲಗಿದ್ದವು, ಇನ್ನರ್ಧಕ್ಕೆ ಅಂಕಿಯನ್ನೇ ಬರೆದಿರಲಿಲ್ಲ. ಆದ್ದರಿಂದ ಸೈಕಲ್ ಚಕ್ರದಿಂದ ಅಳೆಯುವುದೆಂದು ನಿರ್ಧರಿಸಿದೆ. ನನ್ನ ಸೈಕಲಿನ ಮುಂದಿನ ಚಕ್ರಕ್ಕೆ ಸುಣ್ಣದ ಗುರುತು ಹಾಕಿ ಸಿಮೆಂಟು ನೆಲದ ಮೇಲೆ ಹತ್ತು ಸುತ್ತು ಉರುಳಿಸಿ ನೋಡಿದೆ. ಒಂದು ಸುತ್ತಿಗೆ ಏಳು ಅಡಿ ಎರಡು ಅಂಗುಲ. ಮೈಲಿಗೆ ಏಳುನೂರ ಮೂವತ್ತೇಳು ಸುತ್ತು. ಚಕ್ರದ ಕಡ್ಡಿಗೆ ತಗಡಿನ ಚೂರು ಕಟ್ಟಿ, ಸುತ್ತಿಗೊಂದು ಸಲ ಅದು ಫೋರ್ಕಿಗೆ ಬಡಿದು ಟಕ್ ಎನ್ನುವಂತೆ ಮಾಡಿದೆ.

ಎಣಿಸಲು ನನ್ನ ಹೆಂಡತಿಯ ಹುಣಸೆ ಬೀಜ ತೆಗೆದುಕೊಂಡೆ. ಅವಳು ಅಳಗುಳಿ ಮಣೆ ಆಡಲು ಒಂದು ಚೀಲದಲ್ಲಿ ತೊಳೆದಿಟ್ಟುಕೊಂಡಿದ್ದ ಬೀಜ ಅವು. ನೂರು ಸುತ್ತಿಗೆ ಒಂದು ಬೀಜವನ್ನು ಎಡ ಜೇಬಿನಿಂದ ಬಲ ಜೇಬಿಗೆ ಹಾಕಬೇಕು. ಮೈಲಿಗೆ ಏಳು ಬೀಜ, ಮೇಲೆ ಮೂವತ್ತೇಳು ಸುತ್ತು. ಹದಿಮೂರು ಮೈಲಿಗೆ ತೊಂಬತ್ತೊಂದು ಬೀಜ. "ಒಂದೂ ಕಳೀಬಾರ್ದು, ಎಣಿಸಿ ಕೊಡ್ತಿದೀನಿ" ಎಂದು ಅವಳು ನನಗೆ ಎರಡು ಸಲ ಹೇಳಿದಳು.

ಸೈಕಲ್ ತಳ್ಳಿಕೊಂಡು ಎಣಿಸುವ ಕೆಲಸ ಜವಾನನಿಗೆ ವಹಿಸಿದೆ. ಸುಣ್ಣದ ಡಬ್ಬಿ ಹಿಡಿದು ಮೈಲಿಗೊಂದು ಗೆರೆ ಎಳೆಯುವುದು ನನ್ನ ಕೆಲಸ. ಎಣಿಸುವುದು ಮೇಷ್ಟ್ರ ಘನತೆಗೆ ತಕ್ಕದ್ದಲ್ಲ ಎಂದು ನನಗೆ ಅನಿಸಿತ್ತು. ಹೊರಡುವ ಮೊದಲು ಅವನಿಗೆ ಗಟ್ಟಿಯಾಗಿ ಹೇಳಿದೆ.

"ನೋಡು, ಒಂದಡಿಯೂ ಕಡಿಮೆ ಬರಕೂಡದು. ಅಳತೆ ಕಡಿಮೆ ಬಂತು ಅಂದರೆ ಓಟಾನೇ ರದ್ದು. ಎಣಿಕೆ ಗಟ್ಟಿಯಾಗಿರಬೇಕು."

"ಕಮ್ಮಿ ಬರಾಕೆ ಹೆಂಗ್ ಬುಡ್ತೀನಿ ಸಾ? ಗಟ್ಟಿಯಾಗೇ ಎಣಿಸ್ತೀನಿ ಬುಡಿ" ಎಂದ.

ಮೈದಾನದ ಗೇಟಿನಿಂದ ಶುರುಮಾಡಿ ಮಿಡಿಗೇಶಿಯ ಕಡೆಗೆ ನಡೆದೆವು. ಬೆಳಿಗ್ಗೆ ಆರಕ್ಕೆ ಹೊರಟವರು ಮುಗಿಸಿದ್ದು ಮಧ್ಯಾಹ್ನ ಎರಡಕ್ಕೆ. ಟಕ್, ಟಕ್ ಎಂಬ ಸದ್ದು ಬಿಟ್ಟರೆ ನಮ್ಮ ನಡುವೆ ಮಾತಿರಲಿಲ್ಲ. ದಾರಿಯಲ್ಲಿ ಕುರಿ ಹೊಡೆದುಕೊಂಡು ಬರುವವರೆಲ್ಲ ಅವನನ್ನು ಮಾತಾಡಿಸಿದರು. ನನ್ನನ್ನು ಒಬ್ಬರೂ ಕೇಳಲಿಲ್ಲ. ಮಿಡಿಗೇಶಿಯ ಬೆಟ್ಟ ಹಿಂದಾದ ಮೇಲೂ ಎಣಿಕೆ ಮುಗಿಯಲಿಲ್ಲ. ನಾನು ಅಂದಾಜು ಮಾಡಿದ್ದಕ್ಕಿಂತ ಮುಂದೆ, ಒಂದು ಒಂಟಿ ಹುಣಸೆ ಮರದ ಹತ್ತಿರ ಅವನು ಕೊನೆಯ ಸುತ್ತು ಕೂಗಿದ. ಬಸ್ಸಿನವರು ಹೇಳುವ ದೂರ ಎಂದಾದರೂ ಸರಿಯಿದ್ದದ್ದುಂಟೆ ಎಂದುಕೊಂಡು ಅಲ್ಲಿಯೇ ಗೆರೆ ಎಳೆದೆ.

ಓಟದ ದಿನ ಶನಿವಾರ. ನಮ್ಮ ಬಯಲುಸೀಮೆಯಲ್ಲಿ ಅಂಥ ಸೆಕೆ ವರ್ಷಕ್ಕೆ ನಾಲ್ಕೈದು ದಿನ ಮಾತ್ರ ಬರುತ್ತದೆ. ಮೂರು ದಿನದಿಂದ ಮೋಡ ಕಟ್ಟಿ ಕಟ್ಟಿ ಮಳೆ ಮಾತ್ರ ಬಿದ್ದಿರಲಿಲ್ಲ. ಎಲೆ ಅಲ್ಲಾಡುತ್ತಿರಲಿಲ್ಲ. ಒಗೆದು ಹಾಕಿದ ಬನಿಯನ್ ಸಂಜೆಯಾದರೂ ತೇವವಾಗಿಯೇ ಇತ್ತು. ಅಂಥ ಹವೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಆದ್ದರಿಂದ ಮೊದಲರ್ಧ ವೇಗ ತಡೆದು ಓಡಬೇಕು ಎಂದು ಪುಸ್ತಕದಲ್ಲಿ ಓದಿದ್ದೆ. ಮೈಲಿಗೆ ಆರು ನಿಮಿಷ ಇಪ್ಪತ್ತೈದು ಸೆಕೆಂಡಿನಂತೆ ಓಡಿ ಒಂದು ಗಂಟೆ ಇಪ್ಪತ್ತನಾಲ್ಕರಲ್ಲಿ ಮುಗಿಸುವುದು ನನ್ನ ಯೋಜನೆ. ಮಾವ ಕೊಟ್ಟ ಕೈಗಡಿಯಾರದ ಮುಳ್ಳು ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಿತ್ತು. ಅದೇ ನನ್ನ ಧೈರ್ಯ.

ಸಂಜೆ ಮೊಸರವಲಕ್ಕಿ ತಿಂದೆ. ಹಣೆಗೆ ವಿಭೂತಿ ಹಚ್ಚಿಕೊಂಡೆ, ತೊಡೆ ಉಜ್ಜದಂತೆ ಹರಳೆಣ್ಣೆ ಸವರಿಕೊಂಡೆ. ದಾರಿಯ ನಾಲ್ಕು ಕಡೆ ಪೆಟ್ರೋಮ್ಯಾಕ್ಸ್ ದೀಪ, ಒಂದೊಂದು ಕೊಳಗ ಉಪ್ಪು ಹಾಕಿದ ನೀರುಮಜ್ಜಿಗೆ ಇಡಿಸಿದ್ದೆ. ಹನ್ನೊಂದು ಜನರನ್ನು ಲಾರಿಯಲ್ಲಿ ಹುಣಸೆ ಮರದ ಹತ್ತಿರ ಇಳಿಸಿದರು. ಕೊನೆಯ ಪಾವಗಡ ಬಸ್ಸು ಹೋಗುವವರೆಗೆ ಕಾಯಬೇಕಿತ್ತು. ನಾನು ಮಂಡಿ ಬಗ್ಗಿಸಿ, ಸೊಂಟ ತಿರುಗಿಸಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರೆ ಜವಾನ ಹುಣಸೆ ಬೇರಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ಮುದ್ದೆ ಉಂಡು, ಈರುಳ್ಳಿ ಉಪ್ಪು ನಂಚಿಕೊಂಡು ಬಂದಿದ್ದನಂತೆ. ಬಸ್ಸಿನ ಸದ್ದಿಗೆ ಎದ್ದು, ಅಂಗಿ ಬಿಚ್ಚಿ ಮರದ ಕೊಂಬೆಗೆ ಹಾಕಿ, ಟವಲು ಸೊಂಟಕ್ಕೆ ಬಿಗಿದುಕೊಂಡ.

ಒಂಬತ್ತೂವರೆಗೆ ಬಿಟ್ಟರು. ಆಯ್ಕೆಗಾರರೂ ಗಡಿಯಾರ ಹಿಡಿದ ನಮ್ಮ ವಿಜ್ಞಾನದ ಮೇಷ್ಟ್ರೂ ಜೀಪಿನಲ್ಲಿ ಹಿಂದೆ ಬಂದರು. ಜೀಪಿನ ಬೆಳಕಿನಲ್ಲಿ ನಮ್ಮ ನೆರಳು ಮುಂದೆ ಉದ್ದಕ್ಕೆ ಓಡುತ್ತಿತ್ತು. ಮೊದಲ ಅರ್ಧ ಮೈಲಿಯಲ್ಲೇ ನಾನು, ಜವಾನ ಮತ್ತು ಪಾವಗಡದ ಒಬ್ಬ ಬಸ್ ಕ್ಲೀನರ್ ಬೇರೆಯಾದೆವು. ಕಾಲು ಹಗುರವಾಗಿತ್ತು. ಆರು ಇಪ್ಪತ್ತೈದರ ವೇಗ ಎಂದರೆ ಹೇಗಿರುತ್ತದೆ ಎಂದು ನನ್ನ ಕಾಲಿಗೆ ಕಂಠಪಾಠವಾಗಿತ್ತು. ಮೈಲಿಯ ಸುಣ್ಣದ ಗೆರೆ ದಾಟಿ ಗಡಿಯಾರ ನೋಡಿದೆ. ಆರು ನಿಮಿಷ ನಲವತ್ತಮೂರು.

ಸೆಕೆ ಆಗಲೇ ನನ್ನನ್ನು ಹಿಡಿದುಬಿಟ್ಟಿತೆ? ಮುಂದಿನ ಮೈಲಿ ಸ್ವಲ್ಪ ಬಿಗಿಯಾಗಿ ಓಡಿದೆ. ಆರು ಮೂವತ್ತೇಳು. ಇನ್ನೂ ತಡ. ಹಿಂದೆ ಟೈರಿನ ಎಕ್ಕಡದ ಸದ್ದು ಒಂದೇ ಸಮ ಬರುತ್ತಿತ್ತು. ನಾನು ಜೋರು ಮಾಡಿದರೆ ಆ ಸದ್ದು ದೂರವಾಗುತ್ತಿತ್ತು, ಆಮೇಲೆ ನಿಧಾನಕ್ಕೆ ಮತ್ತೆ ಹತ್ತಿರ ಬರುತ್ತಿತ್ತು. ಅವನಿಗೆ ಗಡಿಯಾರವಿಲ್ಲ, ಗೆರೆಯ ಗೊಡವೆಯಿಲ್ಲ. ತನ್ನ ಪಾಡಿಗೆ ತಾನು ಬರುತ್ತಿದ್ದ.

ಮೊದಲ ಪೆಟ್ರೋಮ್ಯಾಕ್ಸ್ ಹತ್ತಿರ ಮಜ್ಜಿಗೆ ಕುಡಿಯಬೇಕಿತ್ತು. ಅಲ್ಲಿಗೆ ಯೋಜನೆಗಿಂತ ಒಂದು ನಿಮಿಷ ಹಿಂದಿದ್ದೆ. ನಿಂತರೆ ಇನ್ನೂ ಹತ್ತು ಸೆಕೆಂಡು ಹೋಗುತ್ತದೆ ಎಂದು ಕೈಯಾಡಿಸಿ ಮುಂದೆ ಹೋದೆ. ತಿರುಗಿ ನೋಡಿದರೆ ಜವಾನ ದೀಪದ ಕೆಳಗೆ ನಿಂತು, ಹುಳ ಊದಿ ಸರಿಸಿ, ಚೊಂಬು ಪೂರ್ತಿ ಕುಡಿಯುತ್ತಿದ್ದ. ಸರಿ, ಇವನ ಕಥೆ ಮುಗಿಯಿತು ಎಂದುಕೊಂಡೆ. ಇನ್ನೊಂದು ಮೈಲಿ ಕಳೆಯುವುದರೊಳಗೆ ಎಕ್ಕಡದ ಸದ್ದು ಬೆನ್ನಿಗೆ ಬಂದಿತ್ತು. ಅವನ ಎಕ್ಕಡದ ಬಾರು ಕಿತ್ತುಹೋಗಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಮನೆದೇವರ ಹೆಸರು ಹಿಡಿದೇ ಬೇಡಿಕೊಂಡೆ.

ಐದನೆಯ ಮೈಲಿಯಲ್ಲಿ ಬಸ್ ಕ್ಲೀನರ್ ರಸ್ತೆಯ ಪಕ್ಕ ಕುಸಿದು, "ಅಯ್ಯೋ ಸಾರೂ, ನಾ ವಲ್ಲ ಕಾದು! ನನ್ ಕೈಲಾಗಲ್ಲ!" ಎಂದು ಜೀಪಿಗೆ ಕೈಮಾಡಿದ. ಅವನನ್ನು ಹತ್ತಿಸಿಕೊಂಡರು. ಈಗ ನಾವಿಬ್ಬರೇ. ಬನಿಯನ್ ಮೈಗೆ ಅಂಟಿಕೊಂಡು ಭಾರವಾಗಿತ್ತು. ಬೂಟಿನೊಳಗೆ ಬೆವರಿಳಿದು ಪಚಪಚ ಎನ್ನುತ್ತಿತ್ತು. ಪಾವಗಡದ ಕಡೆ ಸದ್ದಿಲ್ಲದ ಮಿಂಚು. ಪ್ರತಿ ಗೆರೆಯಲ್ಲೂ ಗಡಿಯಾರ ನನ್ನನ್ನು ಬೈಯುತ್ತಿತ್ತು, ಪ್ರತಿ ಬೈಗುಳಕ್ಕೂ ನಾನು ಇನ್ನಷ್ಟು ಜೋರು ಮಾಡುತ್ತಿದ್ದೆ. ಎರಡನೆಯ ದೀಪದಲ್ಲೂ ಕುಡಿಯಲಿಲ್ಲ. ಮೂರನೆಯದರಲ್ಲಿ ಕುಡಿದೆ, ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಹತ್ತು ಮೈಲಿ ಆದ ಮೇಲೆ ಒಂದು ಮೋರಿಯ ಹತ್ತಿರ ನನ್ನ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಮೀನಖಂಡ ಕಲ್ಲಿನಂತೆ ಬಿಗಿದುಕೊಂಡಿತು. ತಲೆ ಸುತ್ತಿ, ಬೆವರುತ್ತಿದ್ದ ಮೈ ಇದ್ದಕ್ಕಿದ್ದಂತೆ ಜುಮ್ಮೆಂದು ತಣ್ಣಗಾಯಿತು. ಮೋರಿಯ ಕಟ್ಟೆ ಹಿಡಿದು ಕೂತು ವಾಂತಿ ಮಾಡಿದೆ. ಎಕ್ಕಡದ ಸದ್ದು ಬಂದು ನನ್ನ ಪಕ್ಕದಲ್ಲಿ ನಿಂತಿತು. ನಿಂತಿತು ಎಂದರೆ ನಿಂತೇಬಿಟ್ಟಿತು.

"ಏಳಿ ಮೇಷ್ಟ್ರೇ, ಏಳಿ. ಕೂತ್ಕಂಡ್ರೆ ಕಾಲು ಸೆಟ್ಕಂಬುಡ್ತದೆ. ಹಿಡ್ಕಳಿ ನನ್ನ ಹೆಗಲ" ಎಂದು ಬಗ್ಗಿ, ಸೊಂಟದ ಟವಲು ಬಿಚ್ಚಿ ನನ್ನ ಮುಖ ಒರೆಸಿದ.

"ನೀನು ಹೋಗು."

"ನಿಮ್ಮ ಇಂಗೆ ಬುಟ್ಟು ಹೆಂಗ್ ಹೋಗ್ಲಿ ಸಾ?"

"ಹೋಗೋ ಅಂದೆನಲ್ಲ! ತೊಲಗು!"

ಅವನು ಜೀಪಿನ ಕಡೆ ನೋಡಿದ, ನನ್ನ ಕಡೆ ನೋಡಿದ, ಆಮೇಲೆ ಹೊರಟ. ಆ ಹೊತ್ತಿನಲ್ಲೂ ನಾನು ಗಡಿಯಾರ ನೋಡಿಕೊಂಡಿದ್ದೆ. ಅವನು ನನ್ನ ಬಳಿ ನಿಂತದ್ದು ಅರ್ಧ ನಿಮಿಷ. ನಾನು ಜೀಪು ಹತ್ತಲಿಲ್ಲ. ಕುಂಟುತ್ತಾ ನಡೆದು, ನಡುನಡುವೆ ಓಡಿ, ಕೊರಟಗೆರೆಯ ಇಬ್ಬರು ನನ್ನನ್ನು ದಾಟಿದ ಮೇಲೆ ನಾಲ್ಕನೆಯವನಾಗಿ ಮೈದಾನ ಮುಟ್ಟಿದೆ.

ಅಲ್ಲಿ ಜನ ಜವಾನನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿರುತ್ತಾರೆ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ. ನೋಡಿದರೆ ಎಲ್ಲರೂ ಸಪ್ಪಗೆ ನಿಂತಿದ್ದರು. ಅವನು ಮೊದಲು ಬಂದಿದ್ದ, ಆದರೆ ಒಂದು ಗಂಟೆ ಇಪ್ಪತ್ತೇಳು ನಿಮಿಷ ನಲವತ್ತು ಸೆಕೆಂಡು. ಆಯ್ಕೆಗಾರರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಈ ಸಲ ಈ ನಾಲ್ಕು ತಾಲ್ಲೂಕಿನಿಂದ ಯಾರೂ ಇಲ್ಲ" ಎಂದರು.

ನನಗೆ ಸಂತೋಷವಾಯಿತು. ಮುಚ್ಚಿಡುವುದೇನೂ ಇಲ್ಲ. ಬಾಯೆಲ್ಲ ಕಹಿ, ಆದರೂ ಆ ಮಾತು ಕೇಳಿ ಮಜ್ಜಿಗೆ ಕುಡಿದಷ್ಟು ತಂಪಾಯಿತು. ಮನೆಗೆ ಹೋಗಿ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ಮೋರಿಯ ಹತ್ತಿರ ನಿಂತದ್ದನ್ನೂ ಹೇಳಿದೆ. "ಪಾಪ" ಎಂದಳು. ಯಾರಿಗೆ ಹೇಳಿದಳೋ ನಾನು ಕೇಳಲಿಲ್ಲ.

ಬೆಳಿಗ್ಗೆ ಆರೂವರೆಗೆ ಜವಾನ ನಮ್ಮ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಬಟ್ಟೆಯ ಗಂಟು.

"ಅಮ್ಮಾರೇ, ನಿಮ್ಮ ಹುಣಸೆ ಬೀಜ ತಂದಿವ್ನಿ. ಎಣಿಸ್ಕಳಿ."

ಹೆಂಡತಿ ಜಗುಲಿಯ ಮೇಲೆ ಗಂಟು ಬಿಚ್ಚಿ ಐದೈದಾಗಿ ಎಣಿಸಿದಳು. "ತೊಂಬತ್ತಾರು ಇದಾವಲ್ಲಪ್ಪ. ಕೊಟ್ಟಿದ್ದು ತೊಂಬತ್ತೊಂದು."

"ಐದು ಕೊಸರು ಕಣಮ್ಮ. ಎಣಿಸಿ ಕೊಡೋವಾಗ ಕೊಸರು ಹಾಕ್ದೆ ಹೆಂಗ್ ಕೊಡೋದು? ನಮ್ಮ ಅಪ್ಪ ನೂರು ಮಂಕ್ರಿ ಕುರಿ ಗೊಬ್ಬರ ಕೊಟ್ರೆ ಮೇಲೆ ಐದು ಮಂಕ್ರಿ ಸುರಿಯೋನು. ಇಲ್ದಿದ್ರೆ ಅದು ಅಳತೆನಾ?" ಎಂದು ನಕ್ಕು, ನನ್ನ ಕಡೆ ತಿರುಗಿ, "ನಿಮ್ಮ ರಸ್ತೆಗೂ ಅಂಗೇ ಹಾಕಿವ್ನಿ ಸಾ. ಗಟ್ಟಿಯಾಗಿರ್ಬೇಕು ಅಂದ್ರಲ್ಲ, ನೂರು ಸುತ್ತಿಗೆ ಐದು ಕೊಸರು ಬುಟ್ಟೇ ಬೀಜ ಹಾಕಿದ್ದು" ಎಂದ.

ನಾನು ಹಲ್ಲುಜ್ಜುತ್ತಿದ್ದೆ. ಬಾಯಲ್ಲಿದ್ದ ಬೇವಿನ ಕಡ್ಡಿ ಹಾಗೇ ನಿಂತಿತು.

"ಸರಿ, ಹೋಗು" ಎಂದೆ. ಅವನು ಹೋದ.

ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದೆ. ಮೈಲಿಗೆ ಏಳು ಬೀಜ, ಬೀಜಕ್ಕೆ ಐದು ಸುತ್ತು, ಅಂದರೆ ಮೈಲಿಗೆ ಮೂವತ್ತೈದು ಸುತ್ತು ಹೆಚ್ಚು. ಒಟ್ಟು ದಾರಿಗೆ ಐದು ಫರ್ಲಾಂಗು ಹೆಚ್ಚು. ನಾವು ಓಡಿದ್ದು ಹದಿಮೂರು ಮೈಲಿ ಆರು ಫರ್ಲಾಂಗು. ಅಂದರೆ ನನ್ನ ಕಾಲು ಸರಿಯಾಗಿಯೇ ಓಡುತ್ತಿತ್ತು. ಸುಳ್ಳು ಹೇಳಿದ್ದು ಗೆರೆ. ಆ ಗೆರೆಯನ್ನು ನಂಬಿ, ಗಡಿಯಾರ ನೋಡಿ ನೋಡಿ ನನ್ನನ್ನು ನಾನೇ ಕೊಂದುಕೊಂಡಿದ್ದೆ. ಆಮೇಲೆ ಅವನ ಹೊತ್ತು ಲೆಕ್ಕ ಹಾಕಿದೆ. ಅವನ ವೇಗದಲ್ಲಿ ಐದು ಫರ್ಲಾಂಗಿಗೆ ಮೂರು ನಿಮಿಷ ಐವತ್ತೈದು ಸೆಕೆಂಡು. ಅದನ್ನು ಕಳೆದರೆ ಒಂದು ಗಂಟೆ ಇಪ್ಪತ್ತಮೂರು ನಿಮಿಷ ನಲವತ್ತೈದು ಸೆಕೆಂಡು. ಅವನು ಆಯ್ಕೆಯಾಗಿದ್ದ. ನಾನು ಮಾತ್ರ ಹೇಗೆ ಕಳೆದರೂ ಆಗಿರಲಿಲ್ಲ.

ಇದು ಗೊತ್ತಿದ್ದವನು ಮಧುಗಿರಿಯಲ್ಲಿ ನಾನೊಬ್ಬನೇ. ಅವನಿಗೂ ಗೊತ್ತಿರಲಿಲ್ಲ. ಆಯ್ಕೆಗಾರರು ಎಂಟು ಗಂಟೆಯ ತುಮಕೂರು ಬಸ್ಸಿಗೆ ಹೋಗುವವರಿದ್ದರು. ಅವರು ಹೋದರೆ ಮುಗಿಯಿತು. ನಾನು ಗಡ್ಡ ಹೆರೆದುಕೊಂಡೆ. ಸ್ನಾನ ಮಾಡಿದೆ. ಪೂಜೆಗೆ ಕೂತೆ. ಅಷ್ಟು ನಿಧಾನವಾಗಿ ನಾನು ಹಿಂದೆಂದೂ ಪೂಜೆ ಮಾಡಿರಲಿಲ್ಲ. ಹೇಳಿದರೆ ಅವನು ಹೋಗುತ್ತಾನೆ, ನಾನು ಒಂದು ರಸ್ತೆ ಅಳೆಯಲು ಬಾರದ ಹಂಗಾಮಿ ಮೇಷ್ಟ್ರು ಎನಿಸಿಕೊಳ್ಳುತ್ತೇನೆ. ಹೇಳದಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ಎಲ್ಲ ಮೊದಲಿನ ಹಾಗೆಯೇ ಇರುತ್ತದೆ.

ಹೆಂಡತಿ ಕಾಫಿ ತಂದಿಟ್ಟು ಕ್ಯಾಲೆಂಡರಿನ ಹಿಂಬದಿ ನೋಡಿದಳು. ಅವಳು ಎಸ್ಸೆಸ್ಸೆಲ್ಸಿ ಪಾಸಾದವಳು. ಕೂಡು ಕಳೆ ನನಗಿಂತ ಬೇಗ ಬರುತ್ತದೆ.

"ಏಳೂವರೆ ಆಯ್ತು" ಎಂದಳು.

"ಗೊತ್ತು."

"ಗೊತ್ತಿದ್ರೆ ಸರಿ. ಆ ಐದು ಬೀಜ ನಾನು ಅವನಿಗೆ ವಾಪಸ್ ಕೊಡಲ್ಲ. ದಿನಾ ಮಣೆ ಮುಂದೆ ಕೂತಾಗ ನಿಮ್ಮ ಕಣ್ಣಿಗೆ ಬೀಳ್ತಿರಲಿ."

ನಾನು ಸೈಕಲ್ ಹತ್ತಿದೆ. ಒಳ್ಳೆಯತನದಿಂದ ಹತ್ತಿದೆ ಎಂದು ಬರೆಯಲಾರೆ. ಅವಳ ಮುಖ ನೋಡಿಕೊಂಡು ಮನೆಯಲ್ಲಿ ಕೂರಲಾಗದೆ ಹತ್ತಿದೆ. ಬಸ್ ನಿಲ್ದಾಣದಲ್ಲಿ ಆಯ್ಕೆಗಾರರು ಕಿಟಕಿಯ ಪಕ್ಕ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಕಿಟಕಿಯ ಸರಳು ಹಿಡಿದು ವಿಷಯ ಹೇಳಿದೆ. ಅವರು ಪೂರ್ತಿ ಕೇಳಿ, "ಬಾಯಿಮಾತಿಗೆ ನಾನು ಹೆಸರು ಬರೆಯೋಕಾಗಲ್ಲ. ಒಂದು ಮೈಲಿಯನ್ನಾದರೂ ಸರಪಳಿ ಹಿಡಿದು ನನ್ನ ಎದುರಿಗೆ ಅಳೆದು ತೋರಿಸಿ" ಎಂದು ಬಸ್ಸಿನಿಂದ ಇಳಿದರು.

ಭಾನುವಾರವಾದ್ದರಿಂದ ಸರ್ವೆಯರ್ ಮನೆಗೇ ಹೋಗಿ ಅಂಗಲಾಚಿ ಸರಪಳಿ ತಂದೆ. ಅರವತ್ತಾರು ಅಡಿಯ ಸರಪಳಿ, ನೂರು ಕೊಂಡಿ. ಮೈಲಿಗೆ ಸರಿಯಾಗಿ ಎಂಬತ್ತು ಸರಪಳಿ. ಜವಾನನನ್ನು ಕರೆಸಿ ಹಿಂದಿನ ತುದಿ ಹಿಡಿಸಿದೆ, ಮುಂದಿನ ತುದಿ ನಾನು ಹಿಡಿದೆ. "ಈ ಸಲ ಕೊಸರು ಬೇಡ. ಒಂದು ಅಂದರೆ ಒಂದೇ" ಎಂದೆ. ಮೈದಾನದ ಗೇಟಿನಿಂದ ಮೊದಲ ಸುಣ್ಣದ ಗೆರೆಯವರೆಗೆ, ಸರಪಳಿ ಎಳೆದು, ಕಬ್ಬಿಣದ ಕಡ್ಡಿ ನೆಟ್ಟು, ಮತ್ತೆ ಎಳೆದು ನಡೆದೆವು. ಆಯ್ಕೆಗಾರರು ಕೊಡೆ ಹಿಡಿದು ಜೊತೆಗೆ ಬಂದರು, ಆದರೆ ದಾರಿಯುದ್ದಕ್ಕೂ ಯಾರಾದರೂ ಸಿಕ್ಕಿ ಮಾತಿಗೆ ನಿಲ್ಲುತ್ತಿದ್ದರು. ಮುಂದಿನ ತುದಿ ಹಿಡಿದವನು ಕಡ್ಡಿಯನ್ನು ಒಂದು ಮೊಳ ಆಚೆ ನೆಡುತ್ತಾ ಹೋದರೆ ಯಾರಿಗೂ ಕಾಣುವುದಿಲ್ಲ. ಎಣಿಕೆ ಎಂಬತ್ತರ ಹತ್ತಿರಕ್ಕೆ ಇಳಿಯುತ್ತಾ ಬರುತ್ತದೆ, ನನ್ನ ಅಳತೆ ಸರಿಯೇ ಇತ್ತು ಎಂದಾಗುತ್ತದೆ. ಹನ್ನೆರಡನೆಯದೋ ಹದಿಮೂರನೆಯದೋ ಸರಪಳಿಯಲ್ಲಿ ನಾನು ಕಡ್ಡಿಯನ್ನು ಹಾಗೆ ನೆಟ್ಟೆ ಕೂಡ. ಆಮೇಲೆ ಕಿತ್ತು ಸರಿಯಾದ ಜಾಗದಲ್ಲಿ ನೆಟ್ಟೆ. ಜವಾನ ದೂರದಿಂದ, "ಏನಾಯ್ತು ಸಾ?" ಎಂದ. "ಕಲ್ಲು ಸಿಕ್ಕಿತು" ಎಂದೆ.

ಎಂಬತ್ತು ಸರಪಳಿ ಮುಗಿದಾಗ ಸುಣ್ಣದ ಗೆರೆ ಇನ್ನೂ ಮುಂದೆ ಬಿಳುಪಾಗಿ ಕಾಣುತ್ತಿತ್ತು. ಎಂಬತ್ತಮೂರು ಸರಪಳಿಯ ಮೇಲೆ ಎಂಬತ್ತು ಕೊಂಡಿಗೆ ಮುಟ್ಟಿದೆವು. ಆಯ್ಕೆಗಾರರು ಬಗ್ಗಿ ತಾ‍ವೇ ಕೊಂಡಿ ಎಣಿಸಿದರು.

"ಯಾರು ಅಳೆದದ್ದು ಈ ದಾರಿ?"

"ನಾನೇ ಸಾರ್."

"ಡಿಪ್ಲೊಮಾ ಬೇರೆ ಮಾಡಿದ್ದೀರಿ. ಒಂದು ರಸ್ತೆ ಅಳೆಯೋಕೆ ಬರಲ್ವೇನ್ರೀ ನಿಮಗೆ?"

ಜವಾನ ಮುಂದೆ ಬಂದು, "ಸಾ, ಎಣಿಸಿದ್ದು ಅವರಲ್ಲ, ನಾ…" ಎಂದು ಬಾಯಿ ತೆಗೆದ.

"ನೀನು ಸುಮ್ಮನಿರು" ಎಂದು ಗದರಿದೆ. ಅವನನ್ನು ಕಾಪಾಡಲು ಗದರಿದೆ ಎಂದು ಆಯ್ಕೆಗಾರರು ತಿಳಿದಿರಬೇಕು. ಅದಲ್ಲ. ಓಟ ಅವನದಾಗಿತ್ತು, ತಪ್ಪು ಒಪ್ಪಿಕೊಂಡ ಒಳ್ಳೆಯ ಹೆಸರೂ ಅವನಿಗೇ ಹೋಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಅವರು ಹೆಸರು ಬರೆದುಕೊಂಡು ಹೋದ ಮೇಲೆ ಜವಾನ ಸರಪಳಿ ಸುತ್ತುತ್ತಾ ಕೇಳಿದ. "ಅಂಗಾರೆ ನಿಮ್ಮ ಕಾಲು ಸೋತಿದ್ದು ನನ್ನ ಕೊಸರಿಂದಾನಾ ಸಾ?"

"ಅಲ್ಲ. ನನ್ನ ಗಡಿಯಾರದಿಂದ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಸರಪಳಿ ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆ ನಡೆದ.

ಅವನು ಕರಾವಳಿಗೆ ಹೋಗಿ ಓಡಿದ. ಒಂಬತ್ತನೆಯವನಾಗಿ ಬಂದ. ಆ ಪತ್ರದ ಮೇಲೆ ಬೇರೆ ಊರಿನಲ್ಲಿ ಅವನಿಗೆ ಕಾಯಂ ಕೆಲಸ ಸಿಕ್ಕಿತು. ಹೊರಡುವ ದಿನ ಹೆಡ್‌ಮಾಸ್ಟರು ಹಾರ ಹಾಕಿಸಿದರು. ಹಾರ ಹಾಕುವ ಕೆಲಸ ನನ್ನದೇ ಆಗಿತ್ತು. ಅವನು ಬಗ್ಗಿ ನನ್ನ ಕಾಲು ಮುಟ್ಟಲು ಬಂದಾಗ ಹಿಂದೆ ಸರಿದೆ.

ಮುಂದಿನ ಭಾದ್ರಪದದಲ್ಲಿ ಅಂಥದೇ ಸೆಕೆ ಬಂತು. ನಾನು ಒಬ್ಬನೇ ಸೈಕಲ್ ತಳ್ಳಿಕೊಂಡು, ನಾನೇ ಎಣಿಸಿ, ಮಿಡಿಗೇಶಿ ರಸ್ತೆಯನ್ನು ಮೊದಲಿನಿಂದ ಅಳೆದೆ. ಹುಣಸೆ ಮರಕ್ಕಿಂತ ಐದು ಫರ್ಲಾಂಗು ಈಚೆಗೆ ಹೊಸ ಗೆರೆ ಎಳೆದೆ. ರಾತ್ರಿ ಕೊನೆಯ ಬಸ್ಸು ಹೋದ ಮೇಲೆ ಅಲ್ಲಿಂದ ಹೊರಟೆ. ವಿಜ್ಞಾನದ ಮೇಷ್ಟ್ರು ಲಾಟೀನು ಕಟ್ಟಿಕೊಂಡು ಸೈಕಲಿನಲ್ಲಿ ಹಿಂದೆ ಬಂದರು. ಅವರು ಸೈಕಲಿಗೆ ಕಟ್ಟಿ ತಂದಿದ್ದ ಮಜ್ಜಿಗೆಯನ್ನು ನಾಲ್ಕು ಕಡೆ ನಿಂತು ಕುಡಿದೆ. ಪ್ರತಿ ಗೆರೆಯಲ್ಲೂ ಗಡಿಯಾರ ಸರಿಯಾಗಿಯೇ ಹೇಳಿತು. ಮೋರಿಯ ಹತ್ತಿರ ಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಮೈದಾನ ಮುಟ್ಟಿದಾಗ ಒಂದು ಗಂಟೆ ಇಪ್ಪತ್ತಮೂರು ನಿಮಿಷ ಮೂವತ್ತು ಸೆಕೆಂಡು. ಅವನಿಗಿಂತ ಹದಿನೈದು ಸೆಕೆಂಡು ಕಡಿಮೆ. ವಿಜ್ಞಾನದ ಮೇಷ್ಟ್ರನ್ನು ತಬ್ಬಿಕೊಂಡೆ. ಮನೆಯವರೆಗೆ ಹಾಗೇ ಓಡಿದೆ.

ಹೆಂಡತಿ ಇನ್ನೂ ಎದ್ದಿದ್ದಳು. ಲಾಂದ್ರದ ಬೆಳಕಿನಲ್ಲಿ ಪಕ್ಕದ ಮನೆಯ ಅಜ್ಜಿಯ ಜೊತೆ ಅಳಗುಳಿ ಮಣೆ ಆಡಿ ಮುಗಿಸಿ ಬೀಜಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಎಷ್ಟಾಯ್ತು?"

ಹೇಳಿದೆ. ಹದಿನೈದು ಸೆಕೆಂಡು ಎಂಬುದನ್ನು ಎರಡು ಸಲ ಹೇಳಿದೆ.

ಅವಳು ಬೀಜ ತುಂಬುವುದನ್ನು ನಿಲ್ಲಿಸಿ ಬೆರಳಲ್ಲಿ ಲೆಕ್ಕ ಹಾಕಿದಳು. ಆಮೇಲೆ ಕೇಳಿದಳು. "ಅವನು ನಿಮ್ಮ ಮುಖ ಒರೆಸ್ತಾ ಅರ್ಧ ನಿಮಿಷ ನಿಂತಿದ್ದನಲ್ಲ, ಅದನ್ನ ಕಳೆದ್ರಾ?"

ನಾನು ಅದನ್ನು ಕಳೆದಿರಲಿಲ್ಲ. ಬಚ್ಚಲಿಗೆ ಹೋಗಿ ತಣ್ಣೀರಿನ ಹಂಡೆಯ ಮುಂದೆ ಕೂತು, ಚೊಂಬಿನ ಮೇಲೆ ಚೊಂಬು ತಲೆಗೆ ಸುರಿದುಕೊಂಡೆ.